ನಂಬರು ಬಿದ್ದ ಹುಣಸೆಮರಗಳು

ಕಳೆದ ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಹುಮನಾಬಾದಿಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಮಂಟಪದ ಹಿಂದಿನ ಓಣಿಯಲ್ಲಿ ಯಾರೋ ಹಸಿ ಹುಣಸೆಕಾಯಿಗೆ ಉಪ್ಪು, ಅರಿಶಿನ, ಮೆಣಸಿನಕಾಯಿ ಹಾಕಿ ಒರಳಿನಲ್ಲಿ ತೊಕ್ಕು ಕುಟ್ಟುತ್ತಿದ್ದರು. ಆ ಹುಳಿವಾಸನೆಗೆ ನನ್ನ ಪಕ್ಕದಲ್ಲಿದ್ದವರ ಬಾಯಲ್ಲೆಲ್ಲ ನೀರೂರಿತು. ನನಗೆ ಮಾತ್ರ ಮುಖ ಬಿಸಿಯಾಯಿತು. ವರ್ಷಗಳು ಕಳೆದರೂ ಈ ವಾಸನೆ ಬಂದಾಗಲೆಲ್ಲ ನನಗೆ ಒಂದೇ ಒಂದು ಚಳಿಗಾಲ ನೆನಪಾಗುತ್ತದೆ. ಆ ಚಳಿಗಾಲದಲ್ಲಿ ನಾನು ಮಾಡಿದ ತಪ್ಪು ನೆನಪಾಗುತ್ತದೆ. ನನ್ನ ಹೆಸರೆತ್ತದೆ ಅದನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡ ಸುಜಾತಾ ಎಂಬ ಶಿಕ್ಷಕಿ ನೆನಪಾಗುತ್ತಾರೆ.

ಆ ವರ್ಷ ನನ್ನನ್ನು ಹುಮನಾಬಾದ್ ಮತ್ತು ಬಸವಕಲ್ಯಾಣದ ಸುತ್ತಿನ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಲು ನಿಯೋಜಿಸಿದ್ದರು. ಪರಿಸರದ ಪಾಠವನ್ನು ಪುಸ್ತಕ ಓದಿಸಿ ಮುಗಿಸದೆ, ಗಿಡಮರಗಳ ಮೂಲಕ, ಅಡವಿಯ ಮೂಲಕ ಕಲಿಸುವುದು ಹೇಗೆ ಎಂಬುದು ವಿಷಯ. ನಾನು ಹಾವೇರಿ ಕಡೆಯವಳು. ವಿಜ್ಞಾನ ಕಲಿಸಿಕೊಂಡು ಬಂದವಳು. ಪಟ್ಟಿ, ಕೋಷ್ಟಕ, ಕ್ರಮಸಂಖ್ಯೆ ಎಂದರೆ ನನಗೆ ಪ್ರಾಣ. ಅಡುಗೆಮನೆಯ ಡಬ್ಬಿಗಳಿಗೂ ಚೀಟಿ ಅಂಟಿಸುವವಳು ಎಂದು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಇಂಥವಳ ಕೈಗೆ ಒಂದು ದಪ್ಪ ಕೈಪಿಡಿ ಕೊಟ್ಟು, ನಲವತ್ತು ಜನ ಶಿಕ್ಷಕರನ್ನು ಒಪ್ಪಿಸಿದರೆ ಕೇಳಬೇಕೆ. ಮೊದಲ ದಿನವೇ ಹಾಜರಿಗೆ ನಾಲ್ಕು ಬಗೆಯ ಬಣ್ಣದ ಕಾಗದ ಮಾಡಿಕೊಂಡು ಹೋಗಿದ್ದೆ.

ಅದು ಜುಲೈ ತಿಂಗಳು. ಹುಮನಾಬಾದಿನ ಒಂದು ಶಾಲೆಯ ಸಭಾಂಗಣ. ಮಳೆ ಬಂದು ನಿಂತು ಸೆಕೆ ಹೆಚ್ಚಿತ್ತು. ನಾನು ಕೈಪಿಡಿಯಲ್ಲಿದ್ದ ಅಡವಿಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದೆ. ಮುಗಿಲು ಮುಟ್ಟುವ ಮರ, ಅದಕ್ಕೆ ಸುತ್ತಿದ ಬಳ್ಳಿ, ಬುಡದಲ್ಲಿ ಹಾವಸೆ, ಹರಿಯುವ ತೊರೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಸಣ್ಣ ಮೈಕಟ್ಟಿನ ಶಿಕ್ಷಕಿಯೊಬ್ಬರು ಕೈ ಎತ್ತಿದರು.

"ಮೇಡಂ, ಇಂಥಾ ಅಡವಿ ನಮ್ಮ ಕಡೆ ಇಲ್ರಿ. ಇದನ್ನ ಹುಡುಗರಿಗೆ ತೋರಿಸಬೇಕಂದ್ರ ಟಿವಿನೇ ಹಚ್ಚಬೇಕ್ರಿ."

ಸಭಾಂಗಣವೆಲ್ಲ ನಕ್ಕಿತು. ನನಗೆ ಚುರ್ ಎಂದಿತು.

"ಹಂಗಾರ ನಿಮ್ಮ ಕಡೆ ಅಡವಿ ಹ್ಯಾಂಗ ಐತ್ರಿ? ನೀವ ಹೇಳ್ರಿ," ಎಂದೆ.

"ಕೆಂಪ ಮಣ್ಣ, ಕಲ್ಲು, ಮುತ್ತಲ ಗಿಡ, ಸೀತಾಫಳ, ನಡುನಡುವ ಕುರಿ. ಬ್ಯಾಸಗ್ಯಾಗ ನೋಡಿದ್ರ ಎಲ್ಲಾ ಸತ್ತಾವ ಅನಸ್ತದ್ರಿ. ಸತ್ತಿರಂಗಿಲ್ಲ."

ಅವರೇ ಸುಜಾತಾ. ರಾಜೇಶ್ವರದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಶಾಲೆಯ ಮುಖ್ಯ ಶಿಕ್ಷಕಿ. ಮುಖ್ಯ ಶಿಕ್ಷಕಿ ಎಂದರೆ ಬೀಗ ತೆಗೆಯುವವರೂ ಅವರೇ, ಗಂಟೆ ಹೊಡೆಸುವವರೂ ಅವರೇ. ಅಲ್ಲಿ ಇದ್ದದ್ದು ಎರಡು ಕೋಣೆ, ಇಬ್ಬರು ಶಿಕ್ಷಕರು.

ಆಗಸ್ಟಿನಲ್ಲಿ ಅವರ ಮಾತಿಗೆ ಒಪ್ಪಿ ಎಲ್ಲರನ್ನೂ ಬೇಮಳಖೇಡದ ಕಡೆಯ ಕುರುಚಲು ಅಡವಿಗೆ ಕರೆದುಕೊಂಡು ಹೋದೆ. ಕೈಪಿಡಿಯನ್ನೂ ಹೊತ್ತುಕೊಂಡು ಹೋಗಿದ್ದೆ ಅನ್ನಿ. ಅದು ಚೀಲದಿಂದ ಹೊರಗೆ ಬರಲಿಲ್ಲ. ಸಭಾಂಗಣದಲ್ಲಿ ಆಕಳಿಸುತ್ತಿದ್ದ ಮಂದಿ ಕೆಂಪು ಮಣ್ಣಿಗೆ ಕಾಲಿಟ್ಟದ್ದೇ ಬೇರೆಯೇ ಆದರು. ಯಾವ ಎಲೆ ಆಡು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ, ಯಾವ ಗಿಡದ ಅಂಟನ್ನು ಬಾಣಂತಿಯ ಉಂಡೆಗೆ ಹಾಕುತ್ತಾರೆ, ಒಬ್ಬರಿಗಿಂತ ಒಬ್ಬರು ಹೇಳತೊಡಗಿದರು. ವೀರಣ್ಣ ಮಾಸ್ತರೆಂದು ಬೇಮಳಖೇಡದವರೇ ಒಬ್ಬರಿದ್ದರು. ಗಡಿಯಾರ ನೋಡಿ ಚಿಟಗುಪ್ಪದ ಬಸ್ಸಿನ ಚಿಂತೆ ಮಾಡುವುದು ಬಿಟ್ಟರೆ ಅವರು ತರಬೇತಿಯಲ್ಲಿ ಬೇರೇನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಅಂದು ಬಸ್ಸನ್ನೇ ಮರೆತರು.

ಸುಜಾತಾ ಒಂದು ಮುತ್ತಲದ ಗಿಡದ ಕೆಳಗೆ ಕೂತು ಮೂರೆಲೆಯ ಗೊಂಚಲು ಕಿತ್ತು ಪತ್ರಾವಳಿ ಹಚ್ಚಲು ಶುರುಮಾಡಿದರು. ಅವರದು ಹೊಲದ ಕೂಲಿ ಮಾಡಿ ಬೆಳೆದ ಮನೆ. ಸಣ್ಣವರಿದ್ದಾಗ ಅವ್ವನ ಜೊತೆ ಎಲೆ ಆರಿಸಲು ಇದೇ ಥರದ ಅಡವಿಗೆ ಹೋಗುತ್ತಿದ್ದರಂತೆ. ಹಚ್ಚುತ್ತ ಹಚ್ಚುತ್ತಲೇ ಎಲೆಯ ಆಕಾರ, ನರ, ನೀರು ಎಲ್ಲಿಂದ ಏರುತ್ತದೆ, ಬೇಸಿಗೆಯಲ್ಲಿ ಮರ ಎಲೆ ಯಾಕೆ ಉದುರಿಸುತ್ತದೆ ಎಂದೆಲ್ಲ ಕೇಳುತ್ತ ಹೋದರು. ಹೇಳಲಿಲ್ಲ, ಕೇಳಿದರು. ಉತ್ತರವೆಲ್ಲ ಎದುರು ಕೂತವರ ಬಾಯಿಂದ ಬಂತು. ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಅಷ್ಟು ಚಂದದ ಪಾಠ ಮಾಡಿದ್ದಿಲ್ಲ. ಹೊಟ್ಟೆಕಿಚ್ಚೂ ಆಯಿತು, ಅಭಿಮಾನವೂ ಉಕ್ಕಿತು.

ಇಷ್ಟಾದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಕೈಪಿಡಿಯಲ್ಲಿ ಒಂದು ಚಟುವಟಿಕೆ ಇತ್ತು. ಪ್ರತಿ ಶಾಲೆಯವರೂ ಹತ್ತಿರದ ಹತ್ತು ಹನ್ನೆರಡು ಮರ ಆರಿಸಿಕೊಂಡು, ಅವುಗಳ ಎಲೆ, ಹೂ, ಕಾಯಿ, ಹಕ್ಕಿಗಳ ಲೆಕ್ಕವನ್ನು ವರ್ಷವಿಡೀ ವಹಿಯಲ್ಲಿ ಬರೆಯುವುದು. ಒಳ್ಳೆಯ ಚಟುವಟಿಕೆಯೇ. ಮರಗಳನ್ನು ಹೇಗೆ ಗುರುತಿಸುವುದೆಂದು ಅದರಲ್ಲಿ ಹೇಳಿರಲಿಲ್ಲ. ಆ ಜಾಗ ತುಂಬಿದವಳು ನಾನು. ಬುಡದ ಮೇಲೆ ಬಿಳಿ ಪಟ್ಟಿ ಬಳಿದು ಅದರ ಮೇಲೆ ಕೆಂಪು ಬಣ್ಣದಿಂದ ನಂಬರು ಬರೆಯಿರಿ ಎಂದೆ.

"ಚೀಟಿ ಬರದು ಹಗ್ಗಕ್ಕ ಕಟ್ಟಿದ್ರ ಆಗಂಗಿಲ್ಲೇನ್ರಿ?" ಎಂದು ಸುಜಾತಾ ಕೇಳಿದರು.

"ಮಳ್ಯಾಗ ಹೋಗತಾವ್ರಿ. ಬಣ್ಣಾನ ಬೇಕು," ಎಂದೆ.

ಅವರು ಇನ್ನೇನೋ ಹೇಳಲು ಹೊರಟವರು ಸುಮ್ಮನಾದರು. ಯಾಕೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಮುಂದಿನ ಚಟುವಟಿಕೆಗೆ ಹೋದೆ.

ಸುಜಾತಾ ಆರಿಸಿಕೊಂಡದ್ದು ತಮ್ಮ ಊರ ಹೊರಗೆ ದನ ಮೇಯುವ ಗೈರಾಣದ ಅಂಚಿಗಿದ್ದ ಹನ್ನೊಂದು ಹುಣಸೆಮರಗಳನ್ನು. ಮಾಡುವ ಕೆಲಸವನ್ನು ಅರ್ಧಂಬರ್ಧ ಮಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನವೆಂಬರ್ ಕೊನೆಯಲ್ಲಿ ಫೋಟೊ ಕಳಿಸಿದರು. ಅಳತೆಗೋಲು ಹಿಡಿದಂತೆ ನೇರ ಬಿಳಿ ಪಟ್ಟಿ, ಒಂದರಿಂದ ಹನ್ನೊಂದರವರೆಗೆ ದುಂಡಗಿನ ಕೆಂಪು ಅಂಕಿಗಳು. ನಾನು ಆ ಫೋಟೊವನ್ನು ಎಲ್ಲ ನಲವತ್ತು ಜನರಿಗೆ ಕಳಿಸಿ, ನೋಡಿ ಹೀಗಿರಬೇಕು ಎಂದು ಬರೆದೆ.

ವಾರ ಹತ್ತು ದಿನಕ್ಕೆ ಅವರ ಫೋನು ಬಂತು. "ಮೇಡಂ, ಜರಾ ನಮ್ಮ ಊರಿಗೆ ಬರ್ತೀರೇನ್ರಿ? ಇವತ್ತೇ ಬರಬೇಕ್ರಿ."

ಬಸವಕಲ್ಯಾಣದ ಬಸ್ಸು ಹಿಡಿದು, ರಾಜೇಶ್ವರದಲ್ಲಿಳಿದು, ಆಟೊದಲ್ಲಿ ಹೋದೆ. ಊರು ಕಾಣುವ ಮೊದಲೇ ಆ ಹುಳಿವಾಸನೆ ಬಂತು. ಮರಗಳ ಕೆಳಗೆ ಹಸಿ ಹುಣಸೆಕಾಯಿ ರಾಶಿ ರಾಶಿ ಬಿದ್ದಿತ್ತು. ಎಲೆ, ಕಡ್ಡಿ, ಎಳೆ ಟೊಂಗೆ ಎಲ್ಲ ಅದರ ಜೊತೆಗೇ. ಅರವತ್ತು ದಾಟಿದ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಉದ್ದನೆಯ ಗಳದಿಂದ ಏಳನೆಯ ಮರವನ್ನು ಬಡಿಯುತ್ತಿದ್ದರು. ಬಡಿದಾದ ಮರಗಳ ಟೊಂಗೆಗಳನ್ನು ಊರವರು ನಾಲ್ಕಾರು ಜನ ಸೌದೆಗೆಂದು ಕೊಡಲಿ ಹಿಡಿದು ಕಡಿಯುತ್ತಿದ್ದರು.

ಆ ಹೆಂಗಸು ಹುಸೇನ್‌ಬಿ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಆ ಮರಗಳ ಫಸಲನ್ನು ಪಂಚಾಯಿತಿಯಿಂದ ಗುತ್ತಿಗೆ ಹಿಡಿಯುತ್ತಿದ್ದವರು ಅವರು, ಅವರಿಗಿಂತ ಮೊದಲು ಅವರ ಅತ್ತೆ. ಮಾರ್ಚಿನಲ್ಲಿ ಹಣ್ಣು ಉದುರಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ, ಬೀಜ ತೆಗೆದು, ಉಪ್ಪು ಬೆರೆಸಿ ಉಂಡೆ ಕಟ್ಟಿ ಬಸವಕಲ್ಯಾಣದ ಸಂತೆಗೆ ಒಯ್ಯುತ್ತಿದ್ದರು. ಅವರ ಮನೆಯ ಬೇಸಿಗೆ ಸಾಗುತ್ತಿದ್ದದ್ದು ಅದರಿಂದಲೇ. ಹಸಿಕಾಯಿಯಿಂದ ಏನು ಬರುತ್ತದೆ? ನಾಲ್ಕು ಮನೆಯವರು ತೊಕ್ಕಿಗೆ ಕೇಳುತ್ತಾರೆ, ಮಿಕ್ಕದ್ದು ಬಾಡಿ ಹೋಗುತ್ತದೆ. ಮಗಳ ಬಾಣಂತನಕ್ಕೆಂದು ಚಿಟಗುಪ್ಪಕ್ಕೆ ಹೋಗಿದ್ದ ಹುಸೇನ್‌ಬಿ ಅಂದಿಗೆ ಎರಡು ದಿನದ ಹಿಂದೆ ಊರಿಗೆ ಬಂದು ನೋಡಿದರೆ ತಮ್ಮ ಮರಗಳ ಮೇಲೆಲ್ಲ ನಂಬರು ಬಿದ್ದಿದೆ.

ಅದರ ಅರ್ಥ ಆ ಭಾಗದಲ್ಲಿ ಎಲ್ಲರಿಗೂ ಗೊತ್ತು, ನನ್ನೊಬ್ಬಳನ್ನು ಬಿಟ್ಟು. ರಸ್ತೆ ಅಗಲ ಮಾಡುವಾಗ ಬದಿಯ ಬೇವು, ಆಲದ ಮರಗಳಿಗೆ ಹೀಗೇ ಬಿಳಿ ಪಟ್ಟಿ ಬಳಿದು ಕೆಂಪು ನಂಬರು ಬರೆದಿದ್ದರು. ಬರೆದ ಮೇಲೆ ಒಂದೂ ಉಳಿದಿರಲಿಲ್ಲ. ನಾನು ಓಡಾಡುತ್ತಿದ್ದದ್ದು ಅದೇ ರಸ್ತೆಯ ಮೇಲೆ. ಕಿಟಕಿ ಪಕ್ಕ ಕೂತು ಕೈಪಿಡಿ ಓದುತ್ತಿದ್ದೆ.

ಮರ ಹೋಗುವ ಮೊದಲು ಕೈಗೆ ಬಂದಷ್ಟಾದರೂ ಬರಲಿ ಎಂದು ಹುಸೇನ್‌ಬಿ ಹಸಿಕಾಯಿಯನ್ನೇ ಬಡಿಯುತ್ತಿದ್ದರು. ಸುಜಾತಾ ಬೆಳಿಗ್ಗೆಯಿಂದ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು. ಇದು ಕಡಿಯುವ ನಂಬರಲ್ಲ, ಹುಡುಗರ ಪಾಠದ್ದು ಎಂದರೆ ಯಾರೂ ನಂಬಿರಲಿಲ್ಲ. ನಾನೂ ಮುಂದೆ ಹೋಗಿ ಅದನ್ನೇ ಹೇಳಿದೆ.

ಹುಸೇನ್‌ಬಿ ಗಳ ಊರಿ ನಿಂತು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದರು. "ಪಾಠ ಹೇಳಾಕ ಗಿಡಕ್ಕ ಯಾಕ ನಂಬರ್ ಹಾಕ್ತೀರಿ ಟೀಚರಬಾಯಿ? ಹುಡುಗರಿಗೆ ಹಾಕ್ರಿ. ರೋಡಿನ ಬದೀ ಬ್ಯಾವ ನೋಡಿಲ್ಲೇನು? ಮೊದಲ ನಂಬರು, ಆಮ್ಯಾಲ ಮಷೀನು. ಇದನ್ನ ಬರಸಿದವರು ಯಾರು?"

ನಾನು ಎಂಬ ಎರಡಕ್ಷರ ಹೊರಗೆ ಬರಲಿಲ್ಲ. ಕೊಡಲಿ ಹಿಡಿದವರು ಸುತ್ತ ನಿಂತಿದ್ದರು.

"ತಪ್ಪ ನಂದದ ಖಾಲಾ," ಎಂದರು ಸುಜಾತಾ. "ನಾ ಬರದೀನಿ. ನಿಮ್ಮನ್ನ ಒಂದ ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ."

ನಾನು ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಹುಸೇನ್‌ಬಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಉಳಿದ ನಾಲ್ಕು ಮರಗಳ ಕಡೆ ನೋಡಿದರು. ಅವುಗಳ ಬುಡದಲ್ಲಿ ಜಾಲಿಮುಳ್ಳಿನ ಕಂಟಿ ಬಿಚ್ಚಿ ಬಿದ್ದಿತ್ತು. ಹುಣಸೆ ಹಿಡಿದವರು ಕಾಯಿ ಬಲಿಯುವ ಹೊತ್ತಿಗೆ ಮರದ ಸುತ್ತ ಮುಳ್ಳು ಕಟ್ಟುವುದು ಅಲ್ಲಿಯ ರೂಢಿ. ಈ ಮರಕ್ಕೆ ಒಡೆಯರಿದ್ದಾರೆ, ಹಣ್ಣು ಬರುವುದಿದೆ, ಕೈ ಹಚ್ಚಬೇಡಿ ಎಂದು ಅದರರ್ಥ. ಮುಳ್ಳು ಕಟ್ಟಿದ ಮರದಿಂದ ಒಂದು ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಬಡಿಯುವುದಕ್ಕೆಂದು ಎಲ್ಲ ಮುಳ್ಳನ್ನೂ ಹುಸೇನ್‌ಬಿಯೇ ಬಿಚ್ಚಿದ್ದರು. ಅದನ್ನು ನೋಡಿಯೇ ಊರವರು ಕೊಡಲಿ ತಂದದ್ದು.

ಸುಜಾತಾ ಹೋಗಿ ಆ ಕಂಟಿಯನ್ನು ಬರಿಗೈಯಲ್ಲಿ ಎತ್ತಿದರು. "ಈ ನಾಕ ಗಿಡಕ್ಕರ ಮುಳ್ಳು ಮತ್ತ ಕಟ್ರಿ ಖಾಲಾ."

"ಕಟ್ಟಿದೆ ಅಂತ ತಿಳ್ಕೊ. ನಾಳೆ ಮಷೀನ್ ಬಂತು. ಇವೂ ಹೋದ್ವು. ಮಳಿಗಾಲತನಕ ಏನ್ ತಿನ್ನಲಿ ಬೇಟಿ?"

ಸುಜಾತಾ ಕಂಟಿಯನ್ನು ಕೆಳಗಿಡದೆ ಹೇಳಿದರು: "ನಾಳಿಂದ ಸಾಲಿ ಇಲ್ಲೇ ನಡಸ್ತೀನಿ. ಹಣ್ಣ ಆಗೂತನಕ ದಿನಾ. ಯಾರರ ಕಡಿಯಾಕ ಬಂದ್ರ ಮೊದಲ ನನ್ನ ಹುಡುಗರನ್ನ ಎಬ್ಬಸಬೇಕು. ಹುಡುಗರು ಎದ್ರೂ ನಾ ಏಳಂಗಿಲ್ಲ."

ಹುಸೇನ್‌ಬಿ ಅವರನ್ನು ನೋಡಿದರು. ಮುಳ್ಳು ಚುಚ್ಚಿ ಸುಜಾತಾರ ಅಂಗೈಯಲ್ಲಿ ರಕ್ತ ಬಂದಿತ್ತು. ಮುದುಕಿ ಗಳವನ್ನು ನೆಲಕ್ಕೆ ಹಾಕಿ, "ಹಂಗ ಹಿಡೀಬಾರದು, ಬುಡ ಹಿಡಿ," ಎಂದು ಕಂಟಿಯನ್ನು ಅವರ ಕೈಯಿಂದ ತೆಗೆದುಕೊಂಡರು. ನಾಲ್ಕು ಮರಕ್ಕೂ ಮುಳ್ಳು ಕಟ್ಟಿ ಮುಗಿಯುವ ಹೊತ್ತಿಗೆ ಕೊಡಲಿಯವರು ಒಬ್ಬೊಬ್ಬರಾಗಿ ಮನೆಗೆ ಹೋಗಿದ್ದರು. ಅಷ್ಟು ಹೊತ್ತು ಮಾತಿನಿಂದ ಆಗದ್ದು ಅದರಿಂದ ಆಯಿತು.

ಅಂದು ಸಂಜೆ ನಾನು ನಲವತ್ತು ಶಾಲೆಗಳಿಗೂ ಫೋನು ಹಚ್ಚಿ ನಂಬರು ಕೆರೆದು ಹಾಕಲು ಹೇಳಿದೆ. ಯಾಕ್ರೀ ಮೇಡಂ ಎಂದವರಿಗೆಲ್ಲ, ಬಣ್ಣ ತೊಗಟೆಗೆ ಒಳ್ಳೆಯದಲ್ಲ ಎಂದೆ. ವೀರಣ್ಣ ಮಾಸ್ತರು ಮಾತ್ರ, "ನಮ್ಮ ಮಂದಿ ನಿನ್ನೇನೇ ಕೆರದಾರ್ರಿ, ತೊಗಟಿ ಸಲುವಾಗಿ ಅಲ್ಲ," ಎಂದು ನಕ್ಕು ಫೋನಿಟ್ಟರು.

ಸುಜಾತಾ ಆಡಿದಂತೆ ನಡೆದರು. ಡಿಸೆಂಬರಿನ ಚಳಿಗಾಳಿಯಲ್ಲಿ, ಜನವರಿಯ ಧೂಳಿನಲ್ಲಿ ಶಾಲೆ ಆ ನಾಲ್ಕು ಮರಗಳ ಕೆಳಗೇ ಕೂತಿತು. ಕರಿಹಲಗೆಯನ್ನು ಮುಳ್ಳಿನ ಹೊರಗೆ ಕಲ್ಲಿಗೆ ಆನಿಸಿ ಇಡುತ್ತಿದ್ದರು. ಮಕ್ಕಳು ಮರದ ಸುತ್ತಳತೆಯಿಂದ ಗಣಿತ ಕಲಿತರು, ನೆರಳಿನ ಉದ್ದದಿಂದ ಹೊತ್ತು ಹೇಳಲು ಕಲಿತರು. ಹುಸೇನ್‌ಬಿ ಕಾವಲಿಗೆಂದು ಬಂದು ಒಂದು ಬದಿ ಕೂರುತ್ತಿದ್ದರು. ಮೊದಮೊದಲು ಸುಮ್ಮನೆ ಕೇಳುತ್ತಿದ್ದವರು ಆಮೇಲೆ ಸುಜಾತಾರನ್ನೇ ತಿದ್ದತೊಡಗಿದರು. ಒಂದೊಂದು ಮರಕ್ಕೂ ಅವರು ಇಟ್ಟ ಹೆಸರಿತ್ತು. ಸಿಹಿ ಹಣ್ಣಿನದು ಸಕ್ರಿ. ಎಲ್ಲಕ್ಕಿಂತ ಹುಳಿಯಾದದ್ದು ಸಿಡಕಿ. ಗಿಳಿಗಳು ಪೊಟರೆ ಮಾಡಿದ್ದು ಗಿಣಿಮನಿ. ಎಲ್ಲಕ್ಕಿಂತ ಹಳೆಯದು ಅತ್ತಿ, ಯಾಕೆಂದರೆ ಅವರತ್ತೆ ಕೂರುತ್ತಿದ್ದದ್ದು ಅದರ ಕೆಳಗೆ. ಮಕ್ಕಳ ವಹಿಯಲ್ಲಿ ಈ ಹೆಸರುಗಳೇ ಬಂದವು.

ಜನವರಿಯ ತರಬೇತಿಯನ್ನು ನಾನು ಅಲ್ಲಿಗೇ ಒಯ್ದೆ. ನಲವತ್ತು ಜನ ಶಿಕ್ಷಕರು ನೆಲದ ಮೇಲೆ ಕೂತರು, ಹುಸೇನ್‌ಬಿ ಕಲ್ಲಿನ ಮೇಲೆ. ಅವರು ಒಂದು ಕಾಯಿಯನ್ನು ವೀರಣ್ಣ ಮಾಸ್ತರ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು.

"ಏನ್ ಕೇಳ್ತದ?"

"ಏನೂ ಇಲ್ರಿ."

"ಹಸೀದು ಮುಗುಮ್ ಇರ್ತದ. ಹಣ್ಣಾದ್ರ ಒಳಗಿಂದ ಸಿಪ್ಪಿ ಬಿಡ್ತದ, ಆಗ ಮಾತಾಡ್ತದ. ಮಾತಾಡೂತನಕ ಗಳ ಮುಟ್ಟಬಾರದು."

ಮುಂದಿನ ಒಂದು ತಾಸು ಯಾರೂ ಗಡಿಯಾರ ನೋಡಲಿಲ್ಲ. ಗಿಳಿ ತಿಂದ ಕಾಯಿಯ ಗುರುತು, ಅಳಿಲು ಕಡಿದ ಕಾಯಿಯ ಗುರುತು, ಒಂದು ವರ್ಷ ಜಾಸ್ತಿ ಬಡಿದರೆ ಮರ ಮುಂದಿನ ವರ್ಷ ಹೇಗೆ ಮುನಿಸಿಕೊಳ್ಳುತ್ತದೆ, ಎಲ್ಲ ಹೇಳಿದರು. ಬಡಿಸಿಕೊಂಡ ಏಳು ಮರಗಳು ಆಚೆ ಬೋಳಾಗಿ ನಿಂತಿದ್ದವು. ಎರಡು ವರ್ಷವಾದರೂ ಅವು ಸರಿಯಾಗಿ ಕಾಯಿ ಹಿಡಿಯುವುದಿಲ್ಲ ಎಂದು ಹುಸೇನ್‌ಬಿ ಹೇಳಿದಾಗ ಸುಜಾತಾ ತಲೆ ತಗ್ಗಿಸಿದರು. ಅಂದೂ ನಾನು ಎದ್ದು ಹೇಳಲಿಲ್ಲ. ನಲವತ್ತು ಜನರೆದುರು ಹೇಗೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟೂ ಜನರಿಗೆ ಸತ್ಯ ಗೊತ್ತಿತ್ತು, ಬಣ್ಣದ ಮಾತು ಹೇಳಿದ್ದು ಅವರಿಗೇ ಅಲ್ಲವೇ. ಒಬ್ಬರೂ ನನ್ನನ್ನು ಬಿಟ್ಟುಕೊಡಲಿಲ್ಲ. ಸುಜಾತಾರೇ ಸುಮ್ಮನಿರುವಾಗ ಮಿಕ್ಕವರು ಹೇಗೆ ಹೇಳಿಯಾರು.

ಮಷೀನು ಬರಲಿಲ್ಲ. ಮಾರ್ಚ್ ಬಂತು. ನನ್ನ ನಿಯೋಜನೆ ಮುಗಿಯುವ ವಾರ ಸುಜಾತಾ ಫೋನು ಮಾಡಿ, "ಹಣ್ಣ ಮಾತಾಡಾಕತ್ತಾವ್ರಿ ಮೇಡಂ, ಬರ್ರಿ," ಎಂದರು. ಹೋದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮುಳ್ಳು ಬಿಚ್ಚಿಯಾಗಿತ್ತು. ನಾಲ್ಕು ಮರಗಳ ಹಣ್ಣು ತಾಡಪತ್ರಿಯ ಮೇಲೆ ಹರಡಿತ್ತು. ಹುಸೇನ್‌ಬಿ, ಅವರ ಸೊಸೆ, ಸುಜಾತಾ ಸುತ್ತ ಕೂತು ಸಿಪ್ಪೆ ಬಿಡಿಸುತ್ತಿದ್ದರು. ರಜೆಯ ದಿನ. ಸುಜಾತಾ ಆ ಚಳಿಗಾಲದ ರಜೆಗಳನ್ನೆಲ್ಲ ಆ ಮನೆಯ ಕೆಲಸಕ್ಕೇ ಕೊಟ್ಟಿದ್ದರೆಂದು ಸೊಸೆ ಹೇಳಿದರು. ಹೋದ ಏಳು ಮರದ ಹಣ್ಣನ್ನು ಈ ಕೈಗಳು ತಂದುಕೊಡಲಾರವು ಎಂದು ಗೊತ್ತಿದ್ದೂ ಬರುತ್ತಿದ್ದರಂತೆ.

ನಾನು ನಿಂತೇ ಇದ್ದೆ. ಇಂದು ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎನಿಸಿತು.

"ಹುಸೇನ್‌ಬಿ ಅವರ, ಆ ನಂಬರು ಬರೀ ಅಂದಾಕಿ ನಾನು. ಸುಜಾತಾ ಚೀಟಿ ಕಟ್ಟೂಣು ಅಂದಿದ್ರು. ನಾ ಕೇಳಲಿಲ್ಲ. ಆವತ್ತು ನಿಮ್ಮ ಮುಂದ ಬಾಯಿ ಬಿಡಲಿಲ್ಲ."

ಸುಜಾತಾ ಕೈ ನಿಲ್ಲಿಸಿ ನನ್ನತ್ತ ನೋಡಿದರು. ಹುಸೇನ್‌ಬಿ ನಿಲ್ಲಿಸಲಿಲ್ಲ. ಒಂದು ಹಣ್ಣಿನ ಸಿಪ್ಪೆ ಒಡೆದು, ನಾರು ಎಳೆದು, ಬುಟ್ಟಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡರು. ಅವರು ಪರವಾಗಿಲ್ಲ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹಾಗೆ ಕಾಯುತ್ತಿದ್ದೇನೆ ಎಂದು ಅವರಿಗೂ ತಿಳಿದಿತ್ತೇನೋ.

"ಆವತ್ತು ಹೇಳಬೇಕಾಗಿತ್ತು ಬಾಯಿ," ಎಂದರು. "ಆವತ್ತು ಈ ಹುಡುಗಿ ಒಬ್ಬಾಕಿನೇ ನಿಂತಿದ್ಳು."

ಅಷ್ಟೇ. ದನಿ ಏರಿಸಲಿಲ್ಲ. ಸ್ವಲ್ಪ ಸರಿದು ತಾಡಪತ್ರಿಯ ಮೇಲೆ ಜಾಗ ಮಾಡಿ, ಬೀಜ ತೆಗೆಯುವ ಕಲ್ಲನ್ನು ನನ್ನ ಕಡೆ ನೂಕಿದರು. "ಕೂಡ್ರಿ. ಬೀಜ ತಗೀರಿ."

ಕೂತೆ. ಬೀಜ ತೆಗೆಯುವುದು ನನಗೆ ಬರುತ್ತಿರಲಿಲ್ಲ. ಜೋರಾಗಿ ಕುಟ್ಟಿ ಮೊದಲ ನಾಲ್ಕಾರು ಹಣ್ಣು ಹಾಳು ಮಾಡಿದೆ. ಸುಜಾತಾ ನನ್ನ ಕೈಯಿಂದ ಕಲ್ಲು ತೆಗೆದುಕೊಂಡು, ಎಷ್ಟು ಮೆಲ್ಲಗೆ ತಟ್ಟಬೇಕೆಂದು ಎರಡು ಸಲ ತೋರಿಸಿ, ತಿರುಗಿ ನನ್ನ ಕೈಗೇ ಕೊಟ್ಟರು.